ತಾಯಿಯ ಮಾತು, ಮಗುವಿನ ಎತ್ತರ: ಇಬ್ಬರು ವಾರಗಿತ್ತಿಯರ ಲೆಕ್ಕ

ತಾಯಿಗೆ ಮನೆಯಲ್ಲಿ ಅಧಿಕಾರ ಇದ್ದರೆ ಮಗುವಿನ ಪೋಷಣೆ ಚೆನ್ನಾಗಿರುತ್ತದೆ ಎಂದು ನಾವೆಲ್ಲ ಓದಿದ್ದೇವೆ. ಆದರೆ ಅದನ್ನು ತೋರಿಸಿಕೊಡುವುದು ಸುಲಭವಲ್ಲ. ಮಾತು ನಡೆಯುವ ತಾಯಂದಿರು ಸಾಮಾನ್ಯವಾಗಿ ಜಾಸ್ತಿ ಓದಿರುತ್ತಾರೆ, ಮನೆಯಲ್ಲಿ ದುಡ್ಡೂ ಇರುತ್ತದೆ. ಮಗು ಬೆಳೆದದ್ದು ಅದರಿಂದಲೂ ಇರಬಹುದು, ಅಲ್ವಾ?

ಈ ಗಂಟು ಬಿಡಿಸಲು ಸಂಶೋಧಕರಾದ ಡಯಾನ್ ಕಾಫಿ, ರೀತಿಕಾ ಖೇರಾ, ಡೀನ್ ಸ್ಪಿಯರ್ಸ್ ಜಾಣ ದಾರಿ ಹಿಡಿದರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2005-06ರ ಅಂಕಿಗಳಿಂದ ಹಳ್ಳಿಯ ಕೂಡು ಕುಟುಂಬಗಳನ್ನು ಆರಿಸಿಕೊಂಡರು. ಅಣ್ಣನ ಹೆಂಡತಿ, ತಮ್ಮನ ಹೆಂಡತಿ ಇಬ್ಬರೂ ಒಂದೇ ಸೂರಿನಡಿ. ಒಲೆ, ನೀರು, ಆದಾಯ ಎಲ್ಲ ಒಂದೇ. ಆದರೂ ಸರಾಸರಿಯಲ್ಲಿ ಕಿರಿಸೊಸೆಯ ಮಕ್ಕಳು ಎತ್ತರದಲ್ಲಿ ಹಿಂದೆ ಬಿದ್ದಿದ್ದರು. ಕಿರಿಸೊಸೆಗೆ ಮನೆಯ ತೀರ್ಮಾನಗಳಲ್ಲಿ ಮಾತು ಕಡಿಮೆ, ಹೊರಗಿನ ಓಡಾಟ ಕಡಿಮೆ, ಮೈತೂಕವೂ ಕಡಿಮೆ.

ಮೈತೂಕದ ಮಾತಿಗೆ ಗೆರೆ ಎಳೆದುಕೊಳ್ಳಿ. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವ ಬಸುರಿಯ ತಟ್ಟೆಗೆ ಪಲ್ಯ ಉಳಿದಿರುವುದಿಲ್ಲ. ಅನ್ನ, ತಿಳಿಸಾರು ಅಷ್ಟೇ. ಅವಳು ಸೊರಗಿದರೆ ಮಗು ಹುಟ್ಟುವಾಗಲೇ ಸಣ್ಣದಿರುತ್ತದೆ. ಆರು ತಿಂಗಳಾದ ಮೇಲೆ ಮೇಲೂಟ ಶುರು. ಮೊಟ್ಟೆ ತರಿಸಬೇಕೆಂದರೆ ಕೈಯಲ್ಲಿ ದುಡ್ಡು ಬೇಕು. ಭೇದಿಯಾದಾಗ ಆಸ್ಪತ್ರೆಗೆ ಹೊರಡಲು ಯಾರನ್ನೋ ಕೇಳಬೇಕು. ವಯಸ್ಸಿಗೆ ತಕ್ಕ ಎತ್ತರ ಇಲ್ಲದಿರುವುದು ಒಂದು ದಿನದ ಹಸಿವಿನಿಂದ ಆಗುವುದಲ್ಲ. ಇಂಥ ಸಣ್ಣಪುಟ್ಟ ತಡಗಳು ತಿಂಗಳುಗಟ್ಟಲೆ ಸೇರಿ ಆಗುವುದು. ಅದೇ ರಾಷ್ಟ್ರೀಯ ಸಮೀಕ್ಷೆಯ 2019-21ರ ಸುತ್ತಿನಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಹೀಗೆ ಕುಂಠಿತರಾಗಿದ್ದರು. ಅದರ ಹಿಂದಿನ, 2015-16ರ ಸುತ್ತಿನಲ್ಲಿ ಇದು ಶೇ. 36.2 ಇತ್ತು. ಇಷ್ಟೇ ಇಳಿದಿದೆ ಎಂದರೆ ಸಂಕಟವಾಗುತ್ತದೆ.

ಮನೆಯಲ್ಲಿ ಹೆಂಗಸಿನ ಮಾತು ಎಷ್ಟು ನಡೆಯುತ್ತದೆ ಎಂದು ಅಳೆಯುವ ರೀತಿಯನ್ನೂ ಗಮನಿಸಿ. ಸಮೀಕ್ಷೆ ಮುಖ್ಯವಾಗಿ ಮೂರು ತೀರ್ಮಾನಗಳನ್ನು ಕೇಳುತ್ತದೆ: ಅವಳ ಆರೋಗ್ಯದ ಆರೈಕೆ, ಮನೆಯ ದೊಡ್ಡ ಖರೀದಿ, ತವರಿಗೆ ಅಥವಾ ನೆಂಟರ ಮನೆಗೆ ಹೋಗುವುದು. ಮಗುವಿಗೆ ಏನು ಉಣಿಸಬೇಕು ಎಂಬುದು ಇದರಲ್ಲಿ ಇಲ್ಲ. 'ಗಂಡ ಹೆಂಡತಿ ಇಬ್ಬರೂ ಸೇರಿ' ಎಂಬ ಉತ್ತರವನ್ನೂ ಅವಳ ಪಾಲು ಎಂದೇ ಎಣಿಸುತ್ತಾರೆ. ಅವಳು ಸುಮ್ನೆ ತಲೆಯಾಡಿಸಿದ್ದರೂ ಲೆಕ್ಕಕ್ಕೆ ಸೇರಿಬಿಡಬಹುದು.

ಇನ್ನು ನಮ್ಮ ಗೃಹಲಕ್ಷ್ಮಿ. 2023ರ ಆಗಸ್ಟ್‌ನಲ್ಲಿ ಶುರುವಾದ ಈ ಯೋಜನೆಯ 2,000 ರೂಪಾಯಿ ಹೋಗುವುದು ಮನೆಯ ಯಜಮಾನಿಗೆ. ಕೂಡು ಕುಟುಂಬದಲ್ಲಿ ಯಜಮಾನಿ ಎಂದರೆ ಅತ್ತೆಯೇ ಆಗಿರಬಹುದು. ಹಾಗಂತ ಅತ್ತೆಯ ಕೈಗೆ ಹೋದ ದುಡ್ಡು ಮಗುವಿಗೆ ಮುಟ್ಟುವುದೇ ಇಲ್ಲ ಎಂದುಕೊಳ್ಳಬೇಡಿ. ದಕ್ಷಿಣ ಆಫ್ರಿಕಾದಲ್ಲಿ ಅಜ್ಜಿಯರಿಗೆ ಬಂದ ಪಿಂಚಣಿಯಿಂದ ಮೊಮ್ಮಗಳಂದಿರ ಬೆಳವಣಿಗೆ ಸುಧಾರಿಸಿತ್ತು, ಅಜ್ಜಂದಿರ ಪಿಂಚಣಿಯಿಂದ ಹಾಗಾಗಲಿಲ್ಲ ಎಂದು ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೋ 2003ರಲ್ಲೇ ತೋರಿಸಿದ್ದಾರೆ.

2017ರ ಮಾತೃಪೂರ್ಣ ಯೋಜನೆ ಬೇರೆ ದಾರಿ ಹಿಡಿಯಿತು. ರೇಷನ್ ಮನೆಗೆ ಹೋದರೆ ಎಲ್ಲರಿಗೂ ಹಂಚಿಹೋಗುತ್ತದೆ. ಅದಕ್ಕೇ ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ. ಒಳ್ಳೆಯ ಯೋಚನೆ. ಆದರೆ ಅಲ್ಲಿಗೆ ದಿನಾ ಹೋಗಿಬರಲು ಮನೆಯವರು ಬಿಡಬೇಕಲ್ಲ? ಹಾಗಾಗಿ ಆ ಮೂರು ತೀರ್ಮಾನಗಳ ಜೊತೆಗೆ, ಪೇಟೆಗೆ, ಆಸ್ಪತ್ರೆಗೆ, ಊರಾಚೆಗೆ ಒಬ್ಬಳೇ ಹೋಗಬಹುದೇ ಎಂದು ಅದೇ ಸಮೀಕ್ಷೆ ಕೇಳಿರುವ ಕೋಷ್ಟಕವನ್ನೂ ತಪ್ಪದೆ ಓದಿಕೊಳ್ಳಿ.