ಎಡಿಬಿ ಕಮಾಂಡಿನಿಂದ ಕನ್ನಡ ಏಕೆ ಟೈಪ್ ಆಗುವುದಿಲ್ಲ?

ಪ್ರಶ್ನೆ: ನಮ್ಮ ಆಂಡ್ರಾಯ್ಡ್ ಆ್ಯಪನ್ನು ಪರೀಕ್ಷಿಸುವಾಗ, ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕಳಿಸುವ ಎಡಿಬಿ ಎಂಬ ಸಾಧನದ ‘ಎಡಿಬಿ ಶೆಲ್ ಇನ್‌ಪುಟ್ ಟೆಕ್ಸ್ಟ್’ ಕಮಾಂಡಿನಲ್ಲಿ ಇಂಗ್ಲಿಷ್ ಪದ ಕೊಟ್ಟರೆ ಸರಿಯಾಗಿ ಮೂಡುತ್ತದೆ. ಕನ್ನಡ ಪದ ಕೊಟ್ಟರೆ ಎರರ್ ಬಂದು ನಿಲ್ಲುತ್ತದೆ. ನಮ್ಮ ತಪ್ಪೇನು?

ಉತ್ತರ: ತಪ್ಪು ನಿಮ್ಮದಲ್ಲ, ಆ ಕಮಾಂಡಿನ ಹೆಸರು ಹಾದಿ ತಪ್ಪಿಸುವಂಥದ್ದು. ಅದು ಪಠ್ಯವನ್ನು ಪಠ್ಯವಾಗಿ ಕಳಿಸುವುದೇ ಇಲ್ಲ. ಕೊಟ್ಟ ಪದದ ಪ್ರತಿ ಅಕ್ಷರಕ್ಕೂ ಯಾವ ಕೀಲಿ ಒತ್ತಬೇಕೆಂಬುದನ್ನು ವರ್ಚುವಲ್ ಕೀಬೋರ್ಡಿನ ನಕ್ಷೆಯಲ್ಲಿ ಹುಡುಕಿ, ಆ ಕೀಲಿಗಳನ್ನು ಒತ್ತಿ ಬಿಟ್ಟಂತೆ ವ್ಯವಸ್ಥೆಗೆ ತಿಳಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ಬ್ಯಾಕ್ ಬಟನ್ನಿಗೆ 4, ಎಂಟರ್‌ಗೆ 66, ಅಳಿಸುವ ಕೀಲಿಗೆ 67, ಇಂಗ್ಲಿಷಿನ ‘ಎ’ಯಿಂದ ‘ಝಡ್’ವರೆಗೆ 29ರಿಂದ 54 ಎಂಬ ಸಂಖ್ಯೆಗಳಿವೆ; ‘ಕ’ಕಾರಕ್ಕೆ ಅಂಥದ್ದೊಂದು ಇಲ್ಲ. ನಕ್ಷೆಯಲ್ಲಿಲ್ಲದ ಒಂದೇ ಅಕ್ಷರ ಸೇರಿಕೊಂಡರೂ ಇಡೀ ಪದಕ್ಕೆ ‘ನಲ್’ (ಏನೂ ಇಲ್ಲ ಎಂಬ ಉತ್ತರ) ಮರಳಿ ಬರುತ್ತದೆ, ಕಮಾಂಡ್ ಅಲ್ಲಿಯೇ ಮುಗ್ಗರಿಸುತ್ತದೆ.

ಹಾಗಿದ್ದರೆ ಮೊಬೈಲಿನಲ್ಲಿ ನಾವು ದಿನವೂ ಕನ್ನಡ ಬರೆಯುವುದು ಹೇಗೆಂದು ನೀವು ಕೇಳಬಹುದು. ಪರದೆಯ ಮೇಲಿನ ಕೀಬೋರ್ಡ್ ಸಾಮಾನ್ಯವಾಗಿ ಕೀಲಿ ಒತ್ತಿದ ಸುದ್ದಿಯನ್ನು ಕಳಿಸದೆ, ಸಿದ್ಧವಾದ ಅಕ್ಷರಗಳನ್ನೇ ‘ಇನ್‌ಪುಟ್ ಕನೆಕ್ಷನ್’ ಮೂಲಕ ಬರಹದ ಪೆಟ್ಟಿಗೆಗೆ ಒಪ್ಪಿಸುತ್ತದೆ. (‘ಆನ್‌ಕೀಡೌನ್’ ಎಂಬ, ಕೀಲಿ ಒತ್ತಿದ ಸುದ್ದಿಗೆ ಕಾಯುವ ವಿಧಾನವನ್ನು ನಂಬಿ ಬರೆದ ಕೋಡ್ ಫೋನಿನಲ್ಲಿ ಆಗಾಗ ಕಿವುಡಾಗುವುದೂ ಇದರಿಂದಲೇ.)

ಆ್ಯಪ್ ಪರೀಕ್ಷೆಯ ತಂತ್ರಾಂಶವಾದ ಎಸ್ಪ್ರೆಸ್ಸೋ ಬಳಸುವವರು ಕೀಲಿಗಳನ್ನೇ ಒತ್ತುವ ‘ಟೈಪ್‌ಟೆಕ್ಸ್ಟ್’ ಬಿಟ್ಟು ‘ರಿಪ್ಲೇಸ್‌ಟೆಕ್ಸ್ಟ್’ ಬಳಸಬೇಕು. ಅದರ ಎರರ್ ಸಂದೇಶವೇ ಈ ಸಲಹೆ ಕೊಡುತ್ತದೆ, ಆದರೆ ಅದನ್ನು ಕೊನೆಯವರೆಗೆ ಓದುವವರು ಕಡಿಮೆ. ಅಂಥದ್ದೇ ಇನ್ನೊಂದು ಪರೀಕ್ಷಾ ತಂತ್ರಾಂಶ ಯುಐ ಆಟೊಮೇಟರ್‌ನಲ್ಲಿ ‘ಸೆಟ್‌ಟೆಕ್ಸ್ಟ್’ ಸಾಕು. ಎಡಿಬಿಯನ್ನೇ ಬಳಸಬೇಕಿದ್ದರೆ ‘ಎಡಿಬಿಕೀಬೋರ್ಡ್’ ಎಂಬ ಮುಕ್ತ ತಂತ್ರಾಂಶವನ್ನು ಫೋನಿಗೆ ಹಾಕಿ, ಅದನ್ನೇ ಚಾಲ್ತಿಯ ಕೀಬೋರ್ಡಾಗಿ ಆಯ್ದು, ಪದವನ್ನು ಬ್ರಾಡ್‌ಕಾಸ್ಟ್ (ಆ್ಯಪ್‌ಗಳಿಗೆ ಸಂದೇಶ ಬಿತ್ತರಿಸುವ ವಿಧಾನ) ಮೂಲಕ ಕಳಿಸಬಹುದು. ಶೆಲ್ ಅಕ್ಷರಗಳನ್ನು ಕೆಡಿಸುತ್ತಿದ್ದರೆ ಬೇಸ್64 (ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಾಗಿ ಬದಲಿಸಿದ) ರೂಪದಲ್ಲಿ ಕಳಿಸುವ ಸೌಲಭ್ಯವೂ ಅದರಲ್ಲಿದೆ.

ಆದರೆ ‘ರಿಪ್ಲೇಸ್‌ಟೆಕ್ಸ್ಟ್’ ಇಡೀ ಪದವನ್ನು ಒಂದೇ ಏಟಿಗೆ ತುಂಬುವುದರಿಂದ, ಬಳಕೆದಾರರು ಒಂದೊಂದೇ ಅಕ್ಷರ ಬರೆಯುತ್ತ ಹೋದಾಗ ಹುಡುಕಾಟದ ಪಟ್ಟಿ ಹೇಗೆ ಬದಲಾಗುತ್ತದೆ, ಒತ್ತಕ್ಷರ ಪೂರ್ತಿಯಾಗುವ ಮೊದಲೇ ಆ್ಯಪ್ ತಪ್ಪೆಂದು ಹೇಳುತ್ತದೆಯೇ ಎಂಬುದು ಅಂಥ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಅದಕ್ಕೆ ನಿಜವಾದ ಕನ್ನಡ ಕೀಬೋರ್ಡಿರುವ ಫೋನನ್ನು ಕೈಯಲ್ಲಿ ಹಿಡಿದು ಬರೆದು ನೋಡುವುದೇ ಮೇಲೆಂದು ನನ್ನ ಅಭಿಪ್ರಾಯ.

ಅಳಿಸುವಿಕೆಗೆ ಮಾತ್ರ ಕೀಲಿಸಂಖ್ಯೆ 67 ಕನ್ನಡಕ್ಕೂ ಕೆಲಸ ಮಾಡುತ್ತದೆ, ಆದರೆ ಎಣಿಕೆಯಲ್ಲಿ ಎಚ್ಚರವಿರಲಿ: ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಸ್ತ್ರೀ’ ಯುನಿಕೋಡಿನಲ್ಲಿ ಸ, ವಿರಾಮ (ಅರ್ಧಾಕ್ಷರದ ಚಿಹ್ನೆ), ತ, ವಿರಾಮ, ರ, ದೀರ್ಘ ಈಕಾರದ ಚಿಹ್ನೆ ಎಂಬ 6 ಸಂಕೇತಗಳ ಸಾಲು. ಪೆಟ್ಟಿಗೆಗೆ ಗರಿಷ್ಠ ಉದ್ದದ ಮಿತಿಯಾದ ‘ಮ್ಯಾಕ್ಸ್‌ಲೆಂಗ್ತ್’ 5 ಎಂದಿಟ್ಟಿದ್ದರೆ ಈಕಾರ ಒಳಗೆ ಬರುವುದೇ ಇಲ್ಲ, ‘ಸ್ತ್ರ’ ಮಾತ್ರ ಉಳಿಯುತ್ತದೆ.