ಯಾವ ಎಲೆ ಹಳದಿಯಾಗಿದೆ, ಮೊದಲು ಅದನ್ನು ನೋಡಿ

ಕಿಟಕಿ ಪಕ್ಕ ಇಟ್ಟಿದ್ದ ನನ್ನ ಮನಿ ಪ್ಲಾಂಟ್ ಬುಡದ ಕಡೆಯಿಂದ ಹಳದಿಯಾಗತೊಡಗಿತು. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ, ಒಂದು ಚಮಚ ಗೊಬ್ಬರ ಹಾಕಿದೆ. ವಾರವಾದರೂ ಸುಧಾರಿಸಲಿಲ್ಲ, ಇನ್ನೊಂದು ಚಮಚ ಹಾಕಿದೆ. ಆಮೇಲೆ ಎಲೆಗಳ ತುದಿ ಕಂದಾಗಿ ಒಣಗಿತು. ಮಣ್ಣಿನ ಮೇಲೆ ಉಪ್ಪು ಉದುರಿಸಿದ ಹಾಗೆ ಬಿಳಿ ಪದರ ಕಟ್ಟಿತು.

ಹಳದಿ ಬಣ್ಣ ಗಿಡದ ಜ್ವರ ಇದ್ದ ಹಾಗೆ. ಏನೋ ಸರಿಯಿಲ್ಲ ಅಂತ ತಿಳಿಸುತ್ತದೆ, ಏನು ಅಂತ ತಿಳಿಸುವುದಿಲ್ಲ. ಅದಕ್ಕೆ ಯಾವ ಎಲೆ, ಎಲೆಯ ಯಾವ ಭಾಗ ಅಂತ ನೋಡಬೇಕು.

ಸಾರಜನಕ ಕಡಿಮೆಯಾದರೆ ಗಿಡ ಹಳೆ ಎಲೆಯಲ್ಲಿರುವುದನ್ನು ಕಿತ್ತು ಚಿಗುರಿಗೆ ಕಳಿಸುತ್ತದೆ. ಹಾಗಾಗಿ ಕೆಳಗಿನ ಎಲೆ ಪೂರ್ತಿ ಮಾಸಿ ಹಳದಿಯಾಗುತ್ತದೆ, ಕುಡಿ ಹಸಿರಾಗೇ ಇರುತ್ತದೆ. ಮೆಗ್ನೀಸಿಯಂ ಕೂಡ ಹೀಗೇ ಓಡಾಡುತ್ತದೆ. ಅದು ಎಲೆಗೆ ಹಸಿರು ಬಣ್ಣ ಕೊಡುವ ಪತ್ರಹರಿತ್ತಿನ ನಟ್ಟನಡುವೆ ಕೂತಿರುವ ಲೋಹ. ಅದು ಸಾಲದಾದರೆ ಹಳೆ ಎಲೆಯ ನರಗಳು ಹಸಿರಾಗೇ ಉಳಿದು, ನಡುವಿನ ಜಾಗ ಮಾತ್ರ ಹಳದಿಯಾಗುತ್ತದೆ.

ಕಬ್ಬಿಣದ ಕಥೆ ಉಲ್ಟಾ. ಒಮ್ಮೆ ಎಲೆಗೆ ಸೇರಿದರೆ ಅದು ಅಲ್ಲಿಂದ ಹೆಚ್ಚು ಕದಲುವುದಿಲ್ಲ. ಕೊರತೆಯಾದಾಗ ಹೊಸ ಎಲೆಯೇ ಹಳದಿಯಾಗಿ ಹುಟ್ಟುತ್ತದೆ, ಹಸಿರು ನರಗಳ ಬಲೆ ಮಾತ್ರ ಎದ್ದು ಕಾಣುತ್ತದೆ. ಫ್ರಾನ್ಸಿನ ವಿಜ್ಞಾನಿ ಯುಸೆಬ್ ಗ್ರಿ 1840ರ ದಶಕದಲ್ಲೇ ಕಬ್ಬಿಣದ ಲವಣ ಕೊಟ್ಟು ಇಂಥ ಎಲೆಗಳನ್ನು ಮತ್ತೆ ಹಸಿರಾಗಿಸಿ ತೋರಿಸಿದ್ದ. ತಮಾಷೆ ಅಂದ್ರೆ, ಎಷ್ಟೋ ಸಲ ಕುಂಡದ ಮಣ್ಣಲ್ಲಿ ಕಬ್ಬಿಣ ಇದ್ದೇ ಇರುತ್ತದೆ. ಗಡಸು ನೀರು ಹಾಕಿ ಹಾಕಿ ಮಣ್ಣು ಕ್ಷಾರವಾದರೆ ಅದು ಕರಗುವುದಿಲ್ಲ, ಬೇರಿಗೆ ದಕ್ಕುವುದಿಲ್ಲ.

ಹಾಗಾದರೆ ನನ್ನ ಗಿಡಕ್ಕೆ ಸಾರಜನಕವೇ ತಾನೇ ಬೇಕಿತ್ತು? ನಾನೂ ಹಾಗೇ ಅಂದುಕೊಂಡಿದ್ದೆ. ಕೊನೆಗೆ ಕುಂಡ ಬೋರಲು ಹಾಕಿ ನೋಡಿದೆ. ಬಿಳಿಯಾಗಿ ಗಟ್ಟಿಯಾಗಿ ಇರಬೇಕಾದ ಬೇರು ಕಂದಾಗಿ, ಬೆರಳಲ್ಲಿ ಹಿಡಿದರೆ ಸಿಪ್ಪೆ ಜಾರಿ ಒಳಗಿನ ನಾರು ಮಾತ್ರ ಉಳಿಯುತ್ತಿತ್ತು. ಕೆಟ್ಟ ವಾಸನೆ ಬೇರೆ. ಸದಾ ನೆನೆದ ಮಣ್ಣಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ, ಅದು ಉಸಿರುಗಟ್ಟಿ ಕೊಳೆಯುತ್ತದೆ. ಕೊಳೆತ ಬೇರು ಮಣ್ಣಲ್ಲಿದ್ದ ಸಾರಜನಕವನ್ನೂ ಎಳೆದುಕೊಳ್ಳಲಾರದು. ಹೊರಗೆ ಕಾಣುವುದು ಹಸಿವು, ಒಳಗೆ ಆಗಿರುವುದು ಅಜೀರ್ಣ! ಅದರ ಮೇಲೆ ನಾನು ಸುಮ್ನೆ ಗೊಬ್ಬರ ಸುರಿದಿದ್ದೆ. ಗೊಬ್ಬರದ ಉಪ್ಪು ಜಾಸ್ತಿಯಾದ ಮಣ್ಣಿಂದ ನೀರು ಹೀರುವುದು ಒಳ್ಳೆ ಬೇರಿಗೂ ಕಷ್ಟ. ಅದಕ್ಕೇ ತುದಿ ಒಣಗಿದ್ದು.

ಬಿಸಿಲಿನ ಪೆಟ್ಟು ಎಲೆಯ ವಯಸ್ಸು ನೋಡುವುದಿಲ್ಲ, ದಿಕ್ಕು ನೋಡುತ್ತದೆ. ಗಾಜಿಗೆ ಮುಖ ಮಾಡಿದ ಎಲೆ ಸುಡುತ್ತದೆ, ಹಿಂದಿನದು ಚೆನ್ನಾಗಿರುತ್ತದೆ. ಒಂದು ಎಲೆಯ ಮೇಲೆ ಬಿಳಿಚಿದ ಕಲೆ ಬಿದ್ದಿತ್ತು. ಅದರ ಮೇಲೆ ಒರಗಿದ್ದ ಇನ್ನೊಂದು ಎಲೆಯನ್ನು ಎತ್ತಿ ನೋಡಿದರೆ, ಅದು ಮುಚ್ಚಿದ್ದಷ್ಟು ಜಾಗ ಹಸಿರು. ಪೊಟ್ಯಾಶಿಯಂ ಕೊರತೆಯೂ ಎಲೆ ಸುಟ್ಟ ಹಾಗೇ ಕಾಣುತ್ತದೆ, ಆದರೆ ಅದು ಹಳೆ ಎಲೆಗಳ ಅಂಚಿಗೆ ಬರುತ್ತದೆ, ಬಿಸಿಲಿನ ದಿಕ್ಕು ಕೇಳುವುದಿಲ್ಲ.

ಎಲೆ ತಣ್ಣಗಿರುವುದು ಪತ್ರರಂಧ್ರಗಳಿಂದ, ಅಂದರೆ ಎಲೆಯ ಸಣ್ಣ ಸಣ್ಣ ತೂತುಗಳಿಂದ, ಆವಿಯಾಗುವ ನೀರಿನಿಂದ, ನಮಗೆ ಬೆವರಿದ್ದ ಹಾಗೆ. ನೀರು ಸಾಲದೆ ಅವು ಮುಚ್ಚಿಕೊಂಡರೆ, ಗಾಳಿಯಾಡದ ಕಿಟಕಿ ಪಕ್ಕದಲ್ಲಿ ಎಲೆ ಸುತ್ತಲಿನ ಗಾಳಿಗಿಂತ ಬಿಸಿಯಾಗುತ್ತದೆ. ಗೋಡೆಯ ಥರ್ಮಾಮೀಟರ್ ಇದನ್ನು ಹೇಳಲಾರದು. ಮಧ್ಯಾಹ್ನ ಜೋತುಬಿದ್ದು ಸಂಜೆಗೆ ಎದ್ದು ನಿಂತರೆ ಗಾಬರಿ ಬೇಡ. ಮಣ್ಣು ಒದ್ದೆಯಿದ್ದೂ ಬೆಳಿಗ್ಗೆಯೇ ಬಾಡಿದ್ದರೆ ಬೇರು ನೋಡಿ. ಕಪ್ಪು ಪ್ಲಾಸ್ಟಿಕ್ ಕುಂಡವನ್ನು ಬಿಸಿಲಲ್ಲಿ ಮುಟ್ಟಿ ನೋಡಿ, ಒಳಗಿನ ಬೇರಿಗೂ ಅದೇ ಬಿಸಿ, ಅಲ್ವಾ?

ಬಳಲಿದ ಗಿಡಕ್ಕೆ ಗೊಬ್ಬರ ಹಾಕಬೇಡಿ. ಬಿಳಿ ಪದರ ಕಂಡರೆ ಅದನ್ನು ಕೆರೆದು ತೆಗೆದು, ತಳದ ತೂತಿನಿಂದ ಧಾರಾಳವಾಗಿ ಹರಿದುಹೋಗುವಷ್ಟು ನೀರು ಹಾಕಿ. ಬೇರು ಕೊಳೆತಿದ್ದರೆ ಮಾತ್ರ ಇದು ಬೇಡ, ಮಣ್ಣೇ ಬದಲಿಸಿ. ಸುಟ್ಟ ಭಾಗ ಮತ್ತೆ ಹಸಿರಾಗುವುದಿಲ್ಲ, ಅದಕ್ಕೆ ಕಾಯಬೇಡಿ. ಮುಂದೆ ಬರುವ ಎಲೆ ಹೇಗಿದೆ ನೋಡಿ.

ನಾನು ಕೊಳೆತ ಬೇರು ಕತ್ತರಿಸಿ, ಹೊಸ ಮಣ್ಣಿಗೆ ಹಾಕಿ, ಕುಂಡವನ್ನು ಕಿಟಕಿಯಿಂದ ಎರಡು ಮೊಳ ಹಿಂದಕ್ಕೆ ಸರಿಸಿದೆ. ಈಗ ನೀರು ಹಾಕುವ ಮೊದಲು ಮಣ್ಣಿಗೆ ಬೆರಳು ಚುಚ್ಚಿ ನೋಡುತ್ತೇನೆ. ಮೂರನೇ ವಾರ ಒಂದು ಎಲೆ ಸುರುಳಿ ಬಿಚ್ಚಿತು. ಸಣ್ಣದು, ಆದರೆ ತುದಿಯವರೆಗೂ ಹಸಿರು.