ಇಥಿಯೋಪಿಯಾದ ತಾಯಂದಿರ ಮರಣ: ಛೇದದಲ್ಲಿ ಇರುವವರು ಯಾರು?

ಇಥಿಯೋಪಿಯಾದ ಆರೋಗ್ಯ ವಿಸ್ತರಣಾ ಕಾರ್ಯಕ್ರಮವನ್ನು ಓದುವಾಗ ನಾನು ಎಡವಿದ್ದು ಅದರ ವಿವರಗಳಲ್ಲಲ್ಲ, ಅದರ ಫಲವನ್ನು ಅಳೆಯುವ ಒಂದು ಅಂಕಿಯಲ್ಲಿ. ಹಾಗಾಗಿ ವಿವರವನ್ನು ಬೇಗ ಮುಗಿಸುತ್ತೇನೆ.

2003ರಲ್ಲಿ ಆರಂಭವಾದ ಈ ಕಾರ್ಯಕ್ರಮದಡಿ, ಸುಮಾರು 5,000 ಜನರಿರುವ ಪ್ರತಿ ಕೆಬೆಲೆಗೆ, ಅಂದರೆ ಅಲ್ಲಿನ ಅತಿ ಕೆಳಹಂತದ ಆಡಳಿತ ಘಟಕಕ್ಕೆ, ಇಬ್ಬರು ಕಾರ್ಯಕರ್ತೆಯರನ್ನು ನೇಮಿಸಲಾಯಿತು. ಹತ್ತನೇ ತರಗತಿ ಮುಗಿಸಿದ ಸ್ಥಳೀಯ ಹೆಣ್ಣುಮಕ್ಕಳಿಗೆ ಒಂದು ವರ್ಷದ ತರಬೇತಿ ಕೊಟ್ಟು ಸರ್ಕಾರಿ ಸಂಬಳದ ಮೇಲೆ ಕೆಲಸಕ್ಕೆ ತೆಗೆದುಕೊಳ್ಳಲಾಯಿತು. (ಗೌರವಧನ, ಪ್ರೋತ್ಸಾಹಧನಗಳ ಮೇಲೆ ನಡೆಯುವ ನಮ್ಮ ಆಶಾ ವ್ಯವಸ್ಥೆಯೊಡನೆ ಹೋಲಿಸುವವರು ಈ ವ್ಯತ್ಯಾಸವನ್ನು ಮರೆಯಬಾರದು.) ಶೌಚಾಲಯ, ಲಸಿಕೆ, ಮಲೇರಿಯಾ, ಕುಟುಂಬ ಯೋಜನೆ ಎಲ್ಲವೂ ಇವರ ಪಾಲಿನ ಕೆಲಸವೇ. 2009ರಿಂದ ತೋಳಿನ ಚರ್ಮದಡಿ ಬೆಂಕಿಕಡ್ಡಿಯಷ್ಟು ಉದ್ದದ ಗರ್ಭನಿರೋಧಕ ಕಡ್ಡಿಯನ್ನು ಇರಿಸುವುದನ್ನೂ ಇವರಿಗೆ ಕಲಿಸಲಾಯಿತು. ಒಮ್ಮೆ ಇರಿಸಿದರೆ ಅದು ಮೂರು ವರ್ಷ ಕೆಲಸ ಮಾಡುತ್ತದೆ.

ಇನ್ನು ನನ್ನ ಗೊಂದಲ. ರಾಷ್ಟ್ರೀಯ ಸಮೀಕ್ಷೆಗಳ ಪ್ರಕಾರ ಆಧುನಿಕ ಗರ್ಭನಿರೋಧಕ ಬಳಸುವ ವಿವಾಹಿತೆಯರ ಪಾಲು 2005ರಲ್ಲಿ ಶೇ. 14 ಇದ್ದದ್ದು 2011ರಲ್ಲಿ ಶೇ. 27ಕ್ಕೆ ಏರಿತು. ಆದರೆ ತಾಯಂದಿರ ಮರಣ 2005ರಲ್ಲಿ 673, 2011ರಲ್ಲಿ 676. ಇದನ್ನು ನೋಡಿ ಪುಸ್ತಕದ ಅಂಚಿನಲ್ಲಿ ‘ವಿಫಲ’ ಎಂದು ಬರೆದುಬಿಟ್ಟಿದ್ದೆ.

ತಪ್ಪಿದ್ದು ಛೇದದಲ್ಲಿ. 676 ಎಂಬುದು ಒಂದು ಲಕ್ಷ ಹೆಂಗಸರಿಗೆ ಇಷ್ಟು ಎಂಬ ಲೆಕ್ಕವಲ್ಲ, ಒಂದು ಲಕ್ಷ ಜೀವಂತ ಜನನಗಳಿಗೆ ಇಷ್ಟು ಎಂಬ ಲೆಕ್ಕ. ಮೊದಲನೆಯದು ದರ, ಎರಡನೆಯದು ಅನುಪಾತ. ಕನ್ನಡದಲ್ಲಿ ಎರಡಕ್ಕೂ ‘ಮರಣ ಪ್ರಮಾಣ’ ಎಂದೇ ಬರೆಯುವ ರೂಢಿ ಇರುವುದರಿಂದ ಗೊಂದಲ ಇನ್ನಷ್ಟು ಗಟ್ಟಿಯಾಗುತ್ತದೆ. ಒಂದು ಕಾಲ್ಪನಿಕ ಲೆಕ್ಕ ಹಾಕಿ ನೋಡಿ. ಹೆರುವ ವಯಸ್ಸಿನ ಒಂದು ಲಕ್ಷ ಹೆಂಗಸರಿದ್ದಾರೆ. ವರ್ಷಕ್ಕೆ 20,000 ಹೆರಿಗೆ, 140 ಸಾವು. ಅನುಪಾತ 700, ದರ 140. ಕುಟುಂಬ ಯೋಜನೆಯಿಂದ ಹೆರಿಗೆ 16,000ಕ್ಕೆ ಇಳಿಯಿತು, ಆದರೆ ಪ್ರತಿ ಹೆರಿಗೆಯ ಅಪಾಯ ಮೊದಲಿನಷ್ಟೇ ಉಳಿಯಿತು ಎನ್ನೋಣ. ಆಗ ಸಾವು 112. ದರ 112ಕ್ಕೆ ಇಳಿಯಿತು, 28 ಹೆಂಗಸರು ಬದುಕಿದರು; ಅನುಪಾತ ಮಾತ್ರ ಅದೇ 700! ಅಂಶವೂ ಛೇದವೂ ಒಟ್ಟಿಗೆ ಕುಗ್ಗಿದ್ದರಿಂದ ಉಳಿದ ಜೀವಗಳು ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ. ತೀರಾ ಎಳೆ ವಯಸ್ಸಿನ ಹೆರಿಗೆಗಳು, ಐದಾರನೆಯ ಹೆರಿಗೆಗಳು ಹೆಚ್ಚಾಗಿ ತಪ್ಪಿದರೆ ಅನುಪಾತವೂ ಸ್ವಲ್ಪ ಇಳಿದೀತು. ಆದರೆ ಅದನ್ನು ನಿಜವಾಗಿ ಇಳಿಸುವುದು ಹೆರಿಗೆಯ ಹೊತ್ತಿನ ಆರೈಕೆ.

ಆ ಆರೈಕೆ 2011ರ ಹೊತ್ತಿಗೆ ಬಹುಪಾಲು ತಾಯಂದಿರಿಗೆ ಸಿಕ್ಕಿರಲಿಲ್ಲ: ಆರೋಗ್ಯ ಸಂಸ್ಥೆಗಳಲ್ಲಿ ಆಗುತ್ತಿದ್ದ ಹೆರಿಗೆ ಶೇ. 10 ಮಾತ್ರ. 2016ರಲ್ಲಿ ಅದು ಶೇ. 26ಕ್ಕೆ ಏರಿತು, ಅನುಪಾತ 412ಕ್ಕೆ ಇಳಿಯಿತು.

ಈ ಇಳಿಕೆಯನ್ನೂ ಎಚ್ಚರದಿಂದ ಓದಬೇಕು. ಒಡಹುಟ್ಟಿದವರ ಸಾವಿನ ಬಗ್ಗೆ ಕೇಳಿ ಪಡೆಯುವ ಈ ಅಂದಾಜು ಸಮೀಕ್ಷೆಯ ಹಿಂದಿನ ಏಳು ವರ್ಷಗಳಿಗೆ ಸಂಬಂಧಿಸಿದ್ದು, ಆ ಒಂದೇ ವರ್ಷಕ್ಕಲ್ಲ. ಜೊತೆಗೆ 412ರ ವಿಶ್ವಾಸಾರ್ಹ ಅಂತರ, ಅಂದರೆ ನಿಜವಾದ ಅಂಕಿ ಇರಬಹುದಾದ ವ್ಯಾಪ್ತಿ, 273ರಿಂದ 551; 676ರದ್ದು 541ರಿಂದ 810. ಎರಡೂ ಅಂಚಿನಲ್ಲಿ ಒಂದಿಷ್ಟು ತಾಗುತ್ತವೆ, ಹಾಗಾಗಿ ಇಳಿಕೆ ನಿಜಕ್ಕೂ ಎಷ್ಟೆಂದು ಖಚಿತವಾಗಿ ಹೇಳಲಾಗದು. ಅಂಚಿನ ‘ವಿಫಲ’ವನ್ನು ಹೊಡೆದುಹಾಕಿದ್ದೇನೆ, ಅದರ ಜಾಗದಲ್ಲಿ ‘ಸಫಲ’ ಎಂದು ಇನ್ನೂ ಬರೆದಿಲ್ಲ. 2016ರಲ್ಲೂ ಪ್ರತಿ ನಾಲ್ಕು ಹೆರಿಗೆಗಳಲ್ಲಿ ಸುಮಾರು ಮೂರು ಆರೋಗ್ಯ ಸಂಸ್ಥೆಯ ಹೊರಗೇ ಆಗುತ್ತಿದ್ದವು.